ಕಡಲ ಕಾವಲಿಗೆ ಕಣ್ಣು ಕೊಟ್ಟ ವಿಜ್ಞಾನಿ: ಆಲ್ಬರ್ಟ್ ಹೋಯ್ಟ್ ಟೇಲರ್

ಮುಂಬಯಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಯುದ್ಧನೌಕೆಯೆಂಬುದು ಅಪರಿಚಿತ ದೃಶ್ಯವಲ್ಲ. ಊರಿನಿಂದ ಬಂದ ನೆಂಟರಿಷ್ಟರನ್ನು ಗೇಟ್‌ವೇ ಆಫ್ ಇಂಡಿಯಾದಿಂದ ಘಾರಾಪುರಿಗೆ ದೋಣಿಯಲ್ಲಿ ಕರೆದೊಯ್ಯುವಾಗ ನೌಕಾಪಡೆಯ ಬೂದುಬಣ್ಣದ ಹಡಗುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಡಿಸೆಂಬರ್ 4ರ ನೌಕಾದಿನದ ಆಸುಪಾಸಿನಲ್ಲಿ ದೀಪಾಲಂಕೃತವಾದ ಹಡಗುಗಳನ್ನು ಮಕ್ಕಳಿಗೆ ತೋರಿಸಿದ್ದೇವೆ. ಆಗ ನಮ್ಮ ಕಣ್ಣು ಮೊದಲು ತೋಪುಗಳತ್ತ ಹರಿಯುತ್ತದೆ. ಆದರೆ ಹಡಗಿನ ಬದುಕು ಉಳಿಯುವುದು ಬಹುಮಟ್ಟಿಗೆ ತೋಪಿಗಿಂತ ಮೇಲೆ, ಕಂಬದ ನೆತ್ತಿಯಲ್ಲಿ ಸದ್ದಿಲ್ಲದೆ ಸುತ್ತುವ ಜಾಲರಿಯಂತಹ ಒಂದು ವಸ್ತುವಿನಿಂದ. ಅದೇ ದೂರಗಾಮಿ ರೇಡಾರಿನ ಆಂಟೆನಾ. ಶತ್ರುವಿಮಾನವು ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಅದರ ಬರವನ್ನು ತಿಳಿಸುವ ಕಾವಲುಗಾರ ಅದು.

ಈ ಕಾವಲುಗಾರನನ್ನು ಹಡಗಿನ ಮೇಲೇರಿಸಿದವರು ಯಾರು ಎಂದು ಕೇಳಿದರೆ ಒಂದೇ ಹೆಸರು ಹೇಳುವುದು ಸಾಧ್ಯವಿಲ್ಲ. ಬ್ರಿಟನ್, ಜರ್ಮನಿ, ಅಮೆರಿಕ ಮುಂತಾದ ದೇಶಗಳಲ್ಲಿ ಒಂದೇ ಕಾಲದಲ್ಲಿ, ಒಬ್ಬರಿಗೊಬ್ಬರು ತಿಳಿಯದಂತೆ, ಅನೇಕರು ಇದಕ್ಕಾಗಿ ದುಡಿದರು. ಅವರ ನಡುವೆ ಅಮೆರಿಕದ ನೌಕಾ ಸಂಶೋಧನಾಲಯದ ರೇಡಿಯೋ ವಿಭಾಗವನ್ನು ಎರಡು ದಶಕಗಳಿಗೂ ಮಿಕ್ಕಿ ಮುನ್ನಡೆಸಿದ ಆಲ್ಬರ್ಟ್ ಹೋಯ್ಟ್ ಟೇಲರ್ ಅವರ ಜೀವನ ವಿಶೇಷವಾದುದು. ಅವರ ಕಣ್ಣಿಗೆ ಸತ್ಯವು 1922ರಲ್ಲಿಯೇ ಬಿದ್ದಿತ್ತು. ಅದು ಒಂದು ಯುದ್ಧನೌಕೆಯ ಮೇಲೆ ಕೆಲಸಮಾಡುವ ಯಂತ್ರವಾಗಲು ಮಾತ್ರ ಹದಿನಾರು ವರ್ಷ ಹಿಡಿಯಿತು. ಆ ನಡುವಣ ಕಾಲದ ಕಥೆಯನ್ನು ಇಲ್ಲಿ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಅಧ್ಯಾಪಕ ವೃತ್ತಿಯಿಂದ ನೌಕಾಪಡೆಗೆ

ಟೇಲರ್ ಜನಿಸಿದ್ದು 1879ರ ಜನವರಿ 1ರಂದು, ಅಮೆರಿಕದ ಶಿಕಾಗೊ ನಗರದಲ್ಲಿ. ರೇಡಿಯೋ ಎಂಬ ಹೆಸರೇ ಹುಟ್ಟದಿದ್ದ ಕಾಲವದು. ವಿದ್ಯುತ್ಕಾಂತೀಯ ತರಂಗಗಳು ನಿಜವಾಗಿಯೂ ಇವೆಯೆಂದು, ಅವು ಲೋಹದ ಹಲಗೆಗೆ ಬಡಿದರೆ ಬೆಳಕಿನಂತೆಯೇ ಹಿಂದಿರುಗುತ್ತವೆಯೆಂದು ಜರ್ಮನಿಯ ಹೈನ್ರಿಖ್ ಹರ್ಟ್ಸ್ ತೋರಿಸಿಕೊಟ್ಟಾಗ ಬಾಲಕ ಟೇಲರ್‌ಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅತಿ ಕಿರಿದಾದ ತರಂಗಗಳನ್ನು ಗೋಡೆಗಳಾಚೆ ಹಾಯಿಸಿ ತೋರಿಸಿದಾಗ ಅವರಿನ್ನೂ ಹದಿಹರೆಯದವರು. ಹೀಗೆ ಒಂದು ಹೊಸ ವಿದ್ಯೆ ಬೆಳೆಯುತ್ತಿದ್ದಂತೆಯೇ ಅವರೂ ಬೆಳೆದರು.

ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದಿದ ಟೇಲರ್ ಭೌತಶಾಸ್ತ್ರದ ಅಧ್ಯಾಪಕರಾದರು. ಅನಂತರ, ಅಂದಿನ ಭೌತಶಾಸ್ತ್ರಕ್ಕೆ ಕಾಶಿಯಂತಿದ್ದ ಜರ್ಮನಿಯ ಗ್ಯೋಟಿಂಗೆನ್‌ಗೆ ತೆರಳಿ 1909ರಲ್ಲಿ ಡಾಕ್ಟರೇಟ್ ಪಡೆದರು. ತಾಯ್ನಾಡಿಗೆ ಮರಳಿ ನಾರ್ತ್ ಡಕೋಟ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಹೊಣೆ ಹೊತ್ತರು. ರೇಡಿಯೋ ಪ್ರಯೋಗಗಳಲ್ಲಿ ಅವರಿಗೆ ಅಪಾರ ಆಸಕ್ತಿ. 1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯದೆ ಹೋಗಿದ್ದರೆ ಅವರು ಬಹುಶಃ ಆ ಶೀತಪ್ರದೇಶದಲ್ಲಿಯೇ ಪಾಠ ಹೇಳುತ್ತ ಆಯುಷ್ಯ ಕಳೆಯುತ್ತಿದ್ದರು.

ಯುದ್ಧ ಬಂದಿತು. ಮೂವತ್ತೆಂಟರ ವಯಸ್ಸಿನ ಪ್ರಾಧ್ಯಾಪಕರು ನೌಕಾಪಡೆಯ ಮೀಸಲು ದಳ ಸೇರಿ ರೇಡಿಯೋ ಅಧಿಕಾರಿಯಾದರು. ಶಿಕಾಗೊ ಸಮೀಪದ ಗ್ರೇಟ್ ಲೇಕ್ಸ್ ಕೇಂದ್ರದಲ್ಲಿಯೂ, ಅಟ್ಲಾಂಟಿಕ್ ಸಾಗರದಾಚೆಗೆ ಸಂದೇಶ ಕಳುಹಿಸುವ ನ್ಯೂಜೆರ್ಸಿಯ ಬೆಲ್ಮಾರ್ ಕೇಂದ್ರದಲ್ಲಿಯೂ ಸೇವೆ ಸಲ್ಲಿಸಿದರು. ಯುದ್ಧ ಮುಗಿದರೂ ಅವರು ಕಾಲೇಜಿಗೆ ಮರಳಲಿಲ್ಲ. ರಾಜಧಾನಿ ವಾಷಿಂಗ್ಟನ್ನಿನ ಅನಕಾಸ್ಟಿಯಾದಲ್ಲಿದ್ದ ನೌಕಾವಿಮಾನ ರೇಡಿಯೋ ಪ್ರಯೋಗಾಲಯದಲ್ಲಿ ನೆಲೆನಿಂತರು. ಲಿಯೊ ಯಂಗ್ ಎಂಬ ಚುರುಕು ಬುದ್ಧಿಯ ತಂತ್ರಜ್ಞ ಅಲ್ಲಿ ಅವರ ಬಲಗೈಯಾದರು.

ನದಿಯಲ್ಲಿ ಹಾದ ಹಡಗು

1922ರ ಸೆಪ್ಟೆಂಬರ್ ತಿಂಗಳು. ಟೇಲರ್ ಮತ್ತು ಯಂಗ್ ಹೊಸ ಬಗೆಯ ಕಿರುತರಂಗಗಳನ್ನು ಪರೀಕ್ಷಿಸುತ್ತಿದ್ದರು. ಸುಮಾರು 60 ಮೆಗಾಹರ್ಟ್ಸ್ ಕಂಪನಾಂಕ, 5 ಮೀಟರ್ ಉದ್ದದ ಅಲೆ. ಪ್ರೇಷಕ ಯಂತ್ರವು ಪ್ರಯೋಗಾಲಯದಲ್ಲಿತ್ತು. ಗ್ರಾಹಕ ಯಂತ್ರವನ್ನು ನೀರಿನಾಚೆಯ ಹೇನ್ಸ್ ಪಾಯಿಂಟ್ ಎಂಬಲ್ಲಿಗೆ ಒಯ್ದಿದ್ದರು. ನಾದವು ಒಂದೇ ಸಮನೆ ಕೇಳುತ್ತಿತ್ತು. ಅಷ್ಟರಲ್ಲಿ ಪೊಟೊಮ್ಯಾಕ್ ನದಿಯಲ್ಲಿ ಡಾರ್ಚೆಸ್ಟರ್ ಎಂಬ ಮರದ ಉಗಿಹಡಗು ಅತ್ತ ಬಂದಿತು. ಹಡಗು ಸಮೀಪಿಸಿದಂತೆ ನಾದವು ಏರಿ ಇಳಿಯತೊಡಗಿತು; ಹಡಗು ನಡುವೆ ಅಡ್ಡವಾದಾಗ ಕುಗ್ಗಿತು; ದಾಟಿ ಹೋದ ಮೇಲೆ ಮತ್ತೆ ಏರಿಳಿದು ಮೊದಲಿನಂತಾಯಿತು.

ಸಂದೇಶ ರವಾನೆಯನ್ನೇ ಗುರಿಯಾಗಿಟ್ಟುಕೊಂಡವರಿಗೆ ಇದೊಂದು ಕಿರಿಕಿರಿ. ಹಡಗು ದಾಟಲೆಂದು ಕಾದು ಪ್ರಯೋಗ ಮುಂದುವರಿಸಿದ್ದರೆ ತಪ್ಪೇನೂ ಇರಲಿಲ್ಲ. ಟೇಲರ್ ಹಾಗೆ ಮಾಡಲಿಲ್ಲ. ನೇರವಾಗಿ ಬಂದ ಅಲೆಯೂ ಹಡಗಿಗೆ ತಾಗಿ ಬಂದ ಅಲೆಯೂ ಒಂದರಲ್ಲೊಂದು ಬೆರೆತು ಈ ಏರಿಳಿತವಾಗಿದೆಯೆಂದು ಅವರು ಗ್ರಹಿಸಿದರು. ಹಡಗು ಅಲೆಗೆ ಅಡ್ಡಿಯಾದರೆ ಆ ಅಡ್ಡಿಯೇ ಹಡಗಿನ ಸುಳಿವಲ್ಲವೇ?

ಅದೇ ಸೆಪ್ಟೆಂಬರ್ 27ರಂದು ಅವರು ನೌಕಾಪಡೆಯ ಇಂಜಿನಿಯರಿಂಗ್ ವಿಭಾಗಕ್ಕೆ ಬರೆದು ಕಳುಹಿಸಿದರು. ಒಂದಕ್ಕೊಂದು ದೂರದಲ್ಲಿ ಸಾಗುವ ಎರಡು ಹಡಗುಗಳಲ್ಲಿ ಇಂಥ ಯಂತ್ರಗಳನ್ನಿಟ್ಟರೆ ಅವುಗಳ ನಡುವೆ ನುಸುಳುವ ಶತ್ರುನೌಕೆಯನ್ನು ಕತ್ತಲೆ, ಮಂಜು, ಹೊಗೆಪರದೆ ಯಾವುದಿದ್ದರೂ ಕಂಡುಹಿಡಿಯಬಹುದೆಂಬುದು ಅವರ ಸೂಚನೆ. ಮುಂದಿನ ಸಂಶೋಧನೆಗೆ ಅನುಮತಿಯನ್ನು ಕೋರಿದ್ದರು. ಮೇಲಿನಿಂದ ಯಾವ ಪ್ರೋತ್ಸಾಹವೂ ಬರಲಿಲ್ಲ. ಕಾಗದವು ಕಡತದಲ್ಲಿ ಮಲಗಿತು.

ಸರಕಾರಿ ಕಚೇರಿಗಳ ಒಳಹೊರಗನ್ನು ಬಲ್ಲ ನಮ್ಮ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಅಧಿಕಾರಿಗಳನ್ನೇ ದೂರುವುದೂ ನ್ಯಾಯವಲ್ಲ. ಮಹಾಯುದ್ಧ ಮುಗಿದು ಸೇನೆಯ ವೆಚ್ಚಕ್ಕೆ ಕತ್ತರಿ ಬಿದ್ದಿದ್ದ ಕಾಲವದು. ಸ್ವತಃ ಟೇಲರ್ ಅವರಿಗೂ ಕೈತುಂಬ ಬೇರೆ ಕೆಲಸಗಳಿದ್ದವು.

ಮುಗಿಲಿಗೆ ತಾಗಿ ಮರಳಿದ ಅಲೆ

ಥಾಮಸ್ ಆಲ್ವಾ ಎಡಿಸನ್ ಅವರ ಸಲಹೆಯಿಂದ ರೂಪುಗೊಂಡ ನೌಕಾ ಸಂಶೋಧನಾಲಯವು 1923ರ ಜುಲೈ 2ರಂದು ವಾಷಿಂಗ್ಟನ್ನಿನಲ್ಲಿ ಪ್ರಾರಂಭವಾಯಿತು. ಟೇಲರ್ ಅದರ ರೇಡಿಯೋ ವಿಭಾಗದ ಮುಖ್ಯಸ್ಥರಾದರು. ಯಂಗ್ ಮೊದಲಾದ ಸಂಗಡಿಗರೂ ಜತೆಗೆ ಬಂದರು.

ಕಿರುತರಂಗಗಳು ದೂರಕ್ಕೆ ಹೋಗಲಾರವೆಂಬುದು ಆಗ ತಿಳಿದವರಲ್ಲಿ ರೂಢವಾಗಿದ್ದ ನಂಬಿಕೆ. ಆದರೆ ಈ ಅಲೆಗಳು ಸಮೀಪದಲ್ಲಿ ಕೇಳಿ, ನಡುವೆ ಕೆಲವು ನೂರು ಮೈಲಿ ಮಾಯವಾಗಿ, ಮತ್ತೆ ಬಹುದೂರದಲ್ಲಿ ಸ್ಪಷ್ಟವಾಗಿ ಕೇಳಿಬರುತ್ತಿದ್ದವು. ಅಲೆಯು ಮೇಲಿನ ಅಯಾನುಮಂಡಲಕ್ಕೆ ತಾಗಿ ಕೆಳಗಿಳಿಯುವಾಗ ನಡುವಣ ನೆಲವನ್ನು ಜಿಗಿದು ಹೋಗುತ್ತದೆಯೆಂಬುದನ್ನು ಟೇಲರ್ ಮತ್ತು ಅವರ ಸಹೋದ್ಯೋಗಿ ಹಲ್ಬರ್ಟ್ 1926ರಲ್ಲಿ ಲೆಕ್ಕಸಹಿತ ವಿವರಿಸಿದರು. ಮನೆಯ ಹಿರಿಯರು ಒಂದು ಕಾಲದಲ್ಲಿ ಕಿರುತರಂಗದ ಮೇಲೆ ರೇಡಿಯೋ ಸಿಲೋನ್ ಹಿಡಿದು, ಕಡಲಾಚೆಯಿಂದ ತೇಲಿಬರುವ ಹಾಡುಗಳಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದುದನ್ನು ನಮ್ಮಲ್ಲನೇಕರು ನೆನೆಯಬಲ್ಲರು. ಆ ಹಾಡು ಮನೆಯಂಗಳಕ್ಕೆ ಬಂದುದು ಇದೇ ಜಿಗಿತದ ದಾರಿಯಿಂದ.

ಈ ಅಧ್ಯಯನದಲ್ಲಿ ಮತ್ತೊಂದು ಬೀಜವೂ ಅಡಗಿತ್ತು. 1925ರಲ್ಲಿ ಕಾರ್ನೆಗಿ ಸಂಸ್ಥೆಯ ಬ್ರೈಟ್ ಮತ್ತು ಟ್ಯೂವ್ ಎಂಬ ವಿಜ್ಞಾನಿಗಳು ಅಯಾನುಮಂಡಲದ ಎತ್ತರವನ್ನು ಅಳೆಯಬಯಸಿದರು. ಅಲೆಯನ್ನು ಅಖಂಡವಾಗಿ ಕಳುಹಿಸದೆ ತುಣುಕು ತುಣುಕಾಗಿ ಕಳುಹಿಸಿ, ಪ್ರತಿಯೊಂದು ತುಣುಕು ಮೇಲೆ ಹೋಗಿ ಮರಳಲು ತೆಗೆದುಕೊಂಡ ಸಮಯವನ್ನು ಗಣಿಸುವುದು ಅವರ ಉಪಾಯ. ಅದಕ್ಕೆ ಬೇಕಾದ ಪ್ರೇಷಕ ಯಂತ್ರ ಟೇಲರ್ ಅವರ ಪ್ರಯೋಗಾಲಯದ್ದೇ. ಬಾವಿಯೊಳಗೆ ಕೂಗು ಹಾಕಿ ಪ್ರತಿಧ್ವನಿಯಿಂದ ಆಳವನ್ನು ಊಹಿಸುವ ಹುಡುಗರ ಆಟವನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಹೀಗೆ ರೇಡಾರಿನ ಎರಡು ಮೂಲಸೂತ್ರಗಳೂ, ಎಂದರೆ ವಸ್ತುವಿಗೆ ತಾಗಿ ಅಲೆ ಮರಳುವುದೂ ಮರಳುವ ಸಮಯದಿಂದ ದೂರವನ್ನು ಅಳೆಯುವುದೂ, 1925ರ ಹೊತ್ತಿಗೇ ಒಂದೇ ಛಾವಣಿಯ ಕೆಳಗಿದ್ದವು. ಎರಡನ್ನೂ ಜೋಡಿಸಬೇಕೆಂದು ಯಾರಿಗೂ ತೋಚಲಿಲ್ಲ.

ಮತ್ತೆ ಎಚ್ಚರಿಸಿದ ವಿಮಾನ

1930ರ ಜೂನ್ 24ರಂದು ಸಂಶೋಧನಾಲಯದ ಲಾರೆನ್ಸ್ ಹೈಲೆಂಡ್ ಎಂಬುವರು ದಿಕ್ಸೂಚನೆಯ ಆಂಟೆನಾವೊಂದನ್ನು ಪರೀಕ್ಷಿಸುತ್ತಿದ್ದರು. ಗ್ರಾಹಕ ಯಂತ್ರವಿದ್ದುದು ನೆಲದ ಮೇಲೆ ನಿಂತಿದ್ದ ವಿಮಾನದಲ್ಲಿ. ನಾದವು ಆಗಾಗ ವಿನಾ ಕಾರಣ ಹೊಯ್ದಾಡಿತು. ಯಂತ್ರದಲ್ಲಿ ದೋಷವಿರಬೇಕೆಂದುಕೊಳ್ಳುವುದು ಸಹಜ. ಹೈಲೆಂಡ್ ತಲೆಯೆತ್ತಿ ನೋಡಿದರು. ಹೊಯ್ದಾಟವಾದಾಗಲೆಲ್ಲ ಆಕಾಶದಲ್ಲಿ ಯಾವುದೋ ಒಂದು ವಿಮಾನ ಹಾದುಹೋಗುತ್ತಿತ್ತು.

ಟೇಲರ್ ಅವರಿಗೆ ಪೊಟೊಮ್ಯಾಕ್ ನದಿಯ ಮರದ ಹಡಗು ನೆನಪಾಗದಿರಲು ಸಾಧ್ಯವೇ ಇರಲಿಲ್ಲ. ಎಂಟು ವರ್ಷಗಳಲ್ಲಿ ಕಾಲ ಬದಲಾಗಿತ್ತು. ವಿಮಾನವಾಹಕ ನೌಕೆಗಳು ಕಡಲಿಗಿಳಿದಿದ್ದವು. ಹಡಗಿಗೆ ಅಪಾಯವು ಇನ್ನು ಮುಂದೆ ಆಕಾಶದಿಂದಲೇ ಎಂಬುದು ಸ್ಪಷ್ಟವಾಗತೊಡಗಿತ್ತು. ಕಂಬದ ಮೇಲೆ ದುರ್ಬೀನು ಹಿಡಿದು ನಿಂತ ನಾವಿಕನಿಗೆ ಹಗಲಿನಲ್ಲಿ, ಶುಭ್ರವಾದ ವಾತಾವರಣದಲ್ಲಿ ವಿಮಾನ ಕಂಡರೂ ಅದು ತಲೆಯ ಮೇಲೆ ಬರಲು ಉಳಿಯುತ್ತಿದ್ದುದು ಕೆಲವೇ ನಿಮಿಷಗಳು. ಮೋಡ ಮುಸುಕಿದರೆ ಅದೂ ಇಲ್ಲ.

ಆ ವರ್ಷದ ನವೆಂಬರಿನಲ್ಲಿ ಟೇಲರ್ ವಿಸ್ತಾರವಾದ ವರದಿಯನ್ನು ಸಲ್ಲಿಸಿದರು. ಈ ಬಾರಿ ಉತ್ತರ ಬಂದಿತು. 1931ರ ಜನವರಿಯಲ್ಲಿ ಈ ಸಂಶೋಧನೆಗೆ ಅಧಿಕೃತ ಒಪ್ಪಿಗೆ ದೊರೆಯಿತು. ಹಣ ಮಾತ್ರ ಅತ್ಯಲ್ಪ. ಟೇಲರ್, ಯಂಗ್ ಮತ್ತು ಹೈಲೆಂಡ್ ಮೂವರ ಹೆಸರಿನಲ್ಲಿ 1934ರ ನವೆಂಬರ್ 27ರಂದು ರೇಡಿಯೋ ಮೂಲಕ ವಸ್ತುಗಳನ್ನು ಪತ್ತೆಹಚ್ಚುವ ವಿಧಾನಕ್ಕೆ ಪೇಟೆಂಟ್ ಮಂಜೂರಾಯಿತು.

ಆದರೆ ಆ ವಿಧಾನದಲ್ಲಿ ದೊಡ್ಡ ಕೊರತೆಯೊಂದಿತ್ತು. ಪ್ರೇಷಕ ಒಂದು ಕಡೆ, ಗ್ರಾಹಕ ಮೈಲುಗಟ್ಟಲೆ ದೂರದ ಇನ್ನೊಂದು ಕಡೆ ಇರಬೇಕು. ನಗರವೊಂದರ ರಕ್ಷಣೆಗೆ ಅದು ಒದಗೀತು. ಒಂಟಿಯಾಗಿ ಸಾಗುವ ಹಡಗಿಗೆ ನಿರುಪಯುಕ್ತ. ವಿಮಾನ ಇದೆಯೆಂದು ತಿಳಿಯುವುದೇ ಹೊರತು ಎಷ್ಟು ದೂರದಲ್ಲಿದೆಯೆಂದು ತಿಳಿಯದು. ಲಿಯೊ ಯಂಗ್ ಇದಕ್ಕೆ ಹಳೆಯ ತುಣುಕು ಅಲೆಗಳ ಉಪಾಯವನ್ನು ಸೂಚಿಸಿದರು. 1934ರ ಮಾರ್ಚ್ ತಿಂಗಳಿನಲ್ಲಿ ಟೇಲರ್ ಈ ಕೆಲಸವನ್ನು ರಾಬರ್ಟ್ ಪೇಜ್ ಎಂಬ ಮೂವತ್ತರ ತರುಣನ ಕೈಗಿತ್ತರು.

ಪೇಜ್ ಎದುರಿಸಿದ ಕಷ್ಟ ಎಂಥದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 150 ಕಿಲೋಮೀಟರ್ ದೂರದ ವಿಮಾನಕ್ಕೆ ತಾಗಿ ಮರಳಲು ಅದಕ್ಕೆ ಬೇಕಾದುದು ಸೆಕೆಂಡಿನ ಸಾವಿರದ ಒಂದು ಭಾಗ. ವಿಮಾನವು ಒಂದೂವರೆ ಕಿಲೋಮೀಟರ್ ಸಮೀಪದಲ್ಲಿದ್ದರೆ ಲಕ್ಷದ ಒಂದು ಭಾಗ. ಅಷ್ಟರೊಳಗೆ ಪ್ರೇಷಕವು ಕೂಗಿ ಸುಮ್ಮನಾಗಬೇಕು. ಆ ಕೂಗಿಗೆ ಕಿವುಡಾಗಿದ್ದ ಗ್ರಾಹಕವು ಚೇತರಿಸಿಕೊಂಡು ಅತಿ ಕ್ಷೀಣವಾದ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳಬೇಕು. ಅಂದಿನ ಯಾವ ಗ್ರಾಹಕ ಯಂತ್ರವೂ ಇಷ್ಟು ಚುರುಕಾಗಿರಲಿಲ್ಲ.

1934ರ ಡಿಸೆಂಬರಿನಲ್ಲಿ ಒಂದು ಮೈಲಿ ದೂರದ ವಿಮಾನದ ಪ್ರತಿಧ್ವನಿ ಮಸುಕಾಗಿ ಕಂಡಿತು. ಸಾಧನ ಇನ್ನೂ ಅಪಕ್ವ, ಆದರೆ ತತ್ತ್ವ ಸಿದ್ಧವಾಗಿತ್ತು. ಮರುವರ್ಷ ಅಮೆರಿಕದ ಸಂಸತ್ತು ಸಂಶೋಧನಾಲಯಕ್ಕೆ ಒಂದು ಲಕ್ಷ ಡಾಲರುಗಳ ಅನುದಾನ ನೀಡಿತು. ಟೇಲರ್ ವಿಭಾಗಕ್ಕೆ ಉಸಿರು ಬಂದಿತು. 1936ರ ಏಪ್ರಿಲ್ 28ರಂದು ಹೊಸ ಗ್ರಾಹಕ ಯಂತ್ರದೊಡನೆ 28.6 ಮೆಗಾಹರ್ಟ್ಸ್‌ನಲ್ಲಿ ಎರಡೂವರೆ ಮೈಲಿಯಾಚೆಯ ವಿಮಾನ ಸ್ಪಷ್ಟವಾಗಿ ಮೂಡಿತು. ಸ್ವಲ್ಪ ದಿನಗಳಲ್ಲಿಯೇ ಅದು 25 ಮೈಲಿಯಾಯಿತು.

ಹಡಗಿನ ಮೇಲೆ

ಆದರೆ ಆ ಯಂತ್ರವನ್ನು ಹಡಗಿಗೆ ಏರಿಸುವಂತಿರಲಿಲ್ಲ. 28.6 ಮೆಗಾಹರ್ಟ್ಸ್ ಎಂದರೆ ಹತ್ತು ಮೀಟರಿಗಿಂತ ಉದ್ದನೆಯ ಅಲೆ. ಅಲೆ ಉದ್ದವಾದಷ್ಟೂ ಆಂಟೆನಾ ದೊಡ್ಡದಾಗಬೇಕು. ಸಂಶೋಧನಾಲಯದ ಅಂಗಳದಲ್ಲಿ ಗೋಪುರಗಳ ನಡುವೆ ತೂಗುಹಾಕಿದುದನ್ನು ಹಡಗಿನ ಕಂಬದ ಮೇಲೆ ತಿರುಗಿಸುವುದು ಸಾಧ್ಯವೇ? ಅಲೆಯನ್ನು ಕಿರಿದುಗೊಳಿಸದೆ ಗತ್ಯಂತರವಿರಲಿಲ್ಲ. 200 ಮೆಗಾಹರ್ಟ್ಸ್, ಅಂದರೆ ಒಂದೂವರೆ ಮೀಟರ್ ಅಲೆಯನ್ನು ಆರಿಸಿಕೊಂಡರು.

ಜತೆಗೆ ಪೇಜ್ ಮತ್ತು ಯಂಗ್ 1936ರಲ್ಲಿ ಇನ್ನೊಂದು ಮಹತ್ವದ ಉಪಕರಣವನ್ನು ರೂಪಿಸಿದರು. ಕಳುಹಿಸಲೊಂದು, ಪಡೆಯಲೊಂದು ಎಂದು ಎರಡು ಆಂಟೆನಾಗಳ ಬದಲು ಒಂದೇ ಆಂಟೆನಾ ಎರಡೂ ಕೆಲಸ ಮಾಡುವಂತೆ, ಕೂಗುವ ಕ್ಷಣದಲ್ಲಿ ಗ್ರಾಹಕದ ಬಾಗಿಲು ಮುಚ್ಚಿ ಮರುಕ್ಷಣ ತೆರೆಯುವ ವ್ಯವಸ್ಥೆಯದು. ಇಕ್ಕಟ್ಟಾದ ಹಡಗಿನ ಮೇಲೆ ಇದರ ಬೆಲೆ ಎಷ್ಟೆಂಬುದನ್ನು ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಸಂಸಾರ ತೂಗಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1937ರ ಏಪ್ರಿಲಿನಲ್ಲಿ ಲಿಯರಿ ಎಂಬ ವಿನಾಶಕ ನೌಕೆಯ ಮೇಲೆ ಮೊದಲ ಪರೀಕ್ಷೆ ನಡೆಯಿತು. ಆಂಟೆನಾವನ್ನು ತೋಪಿಗೆ ಕಟ್ಟಿ, ತೋಪು ತಿರುಗಿಸಿದಂತೆ ಅದೂ ತಿರುಗುವಂತೆ ಮಾಡಿದರು. ಇಪ್ಪತ್ತು ಮೈಲಿಯ ಸುಮಾರಿಗೆ ವಿಮಾನಗಳು ಗೋಚರಿಸಿದವು. ಇನ್ನೂ ಶಕ್ತಿ ಬೇಕಾಗಿತ್ತು. 1938ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಎಂಬ ಹಳೆಯ ಯುದ್ಧನೌಕೆಯ ಮೇಲೆ ಎಕ್ಸ್‌ಎಎಫ್ ಎಂಬ ಸಾಧನವನ್ನು ಸ್ಥಾಪಿಸಿದರು. ಸುಮಾರು 17 ಅಡಿ ಚೌಕದ ಅದರ ಆಂಟೆನಾ ಸ್ಪ್ರಿಂಗ್ ಮಂಚವನ್ನು ಎತ್ತಿ ನಿಲ್ಲಿಸಿದಂತೆ ಕಾಣುತ್ತಿತ್ತು.

1939ರ ಮೊದಲ ತಿಂಗಳುಗಳಲ್ಲಿ ಕೆರಿಬಿಯನ್ ಸಮುದ್ರದಲ್ಲಿ ನಡೆದ ಕವಾಯತಿನಲ್ಲಿ ಈ ಮಂಚ ತನ್ನ ಪ್ರತಾಪ ತೋರಿಸಿತು. ವಿಮಾನಗಳನ್ನು 100 ನಾಟಿಕಲ್ ಮೈಲಿ, ಎಂದರೆ ಸುಮಾರು 185 ಕಿಲೋಮೀಟರ್ ದೂರದವರೆಗೂ, ಹಡಗುಗಳನ್ನು 15 ನಾಟಿಕಲ್ ಮೈಲಿಯವರೆಗೂ ಅದು ಗುರುತಿಸಿತು. ದೀಪವಾರಿಸಿ ಕತ್ತಲೆಯಲ್ಲಿ ದಾಳಿಯ ಅಭ್ಯಾಸಕ್ಕೆ ಬಂದ ನೌಕೆಗಳೂ ಅದರ ಕಣ್ತಪ್ಪಿಸಲಾರದೆ ಹೋದವು. ಇದೇ ಮಾದರಿಯಲ್ಲಿ ಸಿಎಕ್ಸ್‌ಎಎಂ ಎಂಬ ಹೆಸರಿನ ರೇಡಾರುಗಳು 1940ರಿಂದ ಅಮೆರಿಕದ 20 ನೌಕೆಗಳಿಗೆ ಬಂದವು. ರೇಡಾರ್ ಎಂಬ ಪದವನ್ನು ಆ ದೇಶದ ನೌಕಾಧಿಕಾರಿಗಳಿಬ್ಬರು ಟಂಕಿಸಿದ್ದೂ ಅದೇ ವರ್ಷ.

ನ್ಯಾಯಕ್ಕಾಗಿ ಇಲ್ಲೊಂದು ಮಾತನ್ನು ಸೇರಿಸಬೇಕು. ಬ್ರಿಟನ್ನಿನಲ್ಲಿ ರಾಬರ್ಟ್ ವಾಟ್ಸನ್-ವಾಟ್ ಅವರ ಪ್ರಯೋಗ 1935ರ ಫೆಬ್ರುವರಿಯಲ್ಲಿ ಯಶಸ್ವಿಯಾಗಿತ್ತು. 1938ರಲ್ಲಿಯೇ ಶೆಫೀಲ್ಡ್ ಎಂಬ ಕ್ರೂಸರ್ ರೇಡಾರ್ ಧರಿಸಿದ ಮೊದಲ ಬ್ರಿಟಿಷ್ ಯುದ್ಧನೌಕೆಯಾಯಿತು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟಿರಬೇಕು.

ಕಣ್ಣಿದ್ದೂ ಕಾಣದ ಗಳಿಗೆ

1941ರ ಡಿಸೆಂಬರ್ 7ರ ಬೆಳಗ್ಗೆ ಹವಾಯಿಯ ಓಪಾನಾ ಎಂಬಲ್ಲಿ ಭೂಸೈನ್ಯದ ರೇಡಾರೊಂದು ಜಪಾನಿ ವಿಮಾನಗಳ ದೊಡ್ಡ ಗುಂಪನ್ನು 130 ಮೈಲಿಗೂ ದೂರದಲ್ಲಿಯೇ ಕಂಡಿತು. ಸುದ್ದಿ ಮೇಲಕ್ಕೆ ಹೋಯಿತು. ತಮ್ಮವೇ ವಿಮಾನಗಳು ಬರಲಿವೆಯೆಂದು ತಿಳಿದಿದ್ದ ಕರ್ತವ್ಯದ ಅಧಿಕಾರಿ ಚಿಂತೆ ಬೇಡವೆಂದುಬಿಟ್ಟರು. ಸುಮಾರು ಮುಕ್ಕಾಲು ಗಂಟೆಯ ಬಳಿಕ ಪರ್ಲ್ ಹಾರ್ಬರ್ ಹೊತ್ತಿ ಉರಿಯಿತು.

1942ರ ಮೇ 8ರಂದು ಕೋರಲ್ ಸಮುದ್ರದ ಕಾಳಗದಲ್ಲಿ ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ನೌಕೆಯ ಸಿಎಕ್ಸ್‌ಎಎಂ ರೇಡಾರ್ 68 ನಾಟಿಕಲ್ ಮೈಲಿ ದೂರದಲ್ಲಿಯೇ ಶತ್ರುವನ್ನು ತೋರಿಸಿಕೊಟ್ಟಿತು. ದಿಕ್ಕು ತಿಳಿಯಿತು, ದೂರ ತಿಳಿಯಿತು. ಆದರೆ ಎತ್ತರವನ್ನು ನೇರವಾಗಿ ಹೇಳುವುದು ಆ ರೇಡಾರಿಗೆ ಬರುತ್ತಿರಲಿಲ್ಲ. ರಕ್ಷಣೆಗೆ ಹೋದ ವಿಮಾನಗಳು ಸರಿಯಾದ ಎತ್ತರದಲ್ಲಿರಲಿಲ್ಲ. ಲೆಕ್ಸಿಂಗ್ಟನ್ ಮುಳುಗಿತು.

ಈ ಎರಡು ಪಾಠಗಳಿಂದ ನೌಕಾಪಡೆ ಕಲಿಯಿತು. ರೇಡಾರ್ ಕಂಡುದನ್ನು ಕ್ಷಣಕ್ಷಣವೂ ನಕ್ಷೆಯ ಮೇಲೆ ಗುರುತಿಸಿ, ತೂಗಿ ನೋಡಿ, ವಿಮಾನಗಳಿಗೆ ಆದೇಶ ಕೊಡುವ ಪ್ರತ್ಯೇಕ ಕೊಠಡಿಗಳು ಹಡಗುಗಳಲ್ಲಿ ಏರ್ಪಟ್ಟವು. 1944ರ ಜೂನ್ 19ರಂದು ಫಿಲಿಪ್ಪೈನ್ ಸಮುದ್ರದ ಕಾಳಗದಲ್ಲಿ ಸುಮಾರು 150 ಮೈಲಿ ದೂರದಿಂದಲೇ ದಾಳಿಯ ಸುಳಿವು ಸಿಕ್ಕಿತು. ಅಮೆರಿಕದ ವಿಮಾನಗಳು ಎತ್ತರದಲ್ಲಿ ಕಾದು ನಿಂತು ಎದುರಿಸಿದವು. ಆ ದಿನ ಅವರ ಒಂದು ವಿಮಾನವಾಹಕ ನೌಕೆಯೂ ಮುಳುಗಲಿಲ್ಲ. ಟೇಲರ್ ವಿಭಾಗದಲ್ಲಿ ಹುಟ್ಟಿದ 200 ಮೆಗಾಹರ್ಟ್ಸ್ ರೇಡಾರಿನ ಸಂತತಿಯೇ ಆಗ ಅವರ ಮುಖ್ಯ ಕಾವಲು.

ಮುಪ್ಪು ಮತ್ತು ಮನ್ನಣೆ

ಟೇಲರ್ 1929ರಲ್ಲಿಯೇ ಅಮೆರಿಕದ ರೇಡಿಯೋ ಇಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅದೇ ಸಂಸ್ಥೆ 1942ರಲ್ಲಿ ತನ್ನ ಅತ್ಯುನ್ನತ ಪದಕವನ್ನು ಅವರಿಗಿತ್ತು ಗೌರವಿಸಿತು. 1944ರಲ್ಲಿ ಅಮೆರಿಕ ಸರಕಾರದ ಮೆಡಲ್ ಫಾರ್ ಮೆರಿಟ್ ಪ್ರಶಸ್ತಿಯೂ ಸಂದಿತು. ಯುದ್ಧಕಾಲದ ಗೋಪ್ಯದಿಂದಾಗಿ ಅವರ ಮುಖ್ಯ ಸಾಧನೆ ಬಹುಕಾಲ ಜನರಿಗೆ ತಿಳಿಯಲೇ ಇಲ್ಲ. 1945ರವರೆಗೆ ವಿಭಾಗವನ್ನು ಮುನ್ನಡೆಸಿ, 1948ರಲ್ಲಿ ನಿವೃತ್ತರಾಗಿ, ಅರ್ಧ ಶತಮಾನದ ರೇಡಿಯೋ ನೆನಪುಗಳನ್ನು ಬರೆದಿಟ್ಟರು. 1961ರ ಡಿಸೆಂಬರ್ 11ರಂದು ಕ್ಯಾಲಿಫೋರ್ನಿಯದ ಕ್ಲೇರ್‌ಮಾಂಟ್‌ನಲ್ಲಿ ಅವರು ಕಣ್ಮುಚ್ಚಿದಾಗ ವಯಸ್ಸು 82. ಅದಕ್ಕೆ ಐದಾರು ವಾರಗಳ ಹಿಂದೆ, ನವೆಂಬರ್ 3ರಂದು, ನಮ್ಮ ದೇಶದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ ಮುಂಬಯಿ ಬಂದರನ್ನು ಪ್ರವೇಶಿಸಿತ್ತು.

ಟೇಲರ್ ಒಬ್ಬಂಟಿ ಸಂಶೋಧಕರಲ್ಲ. ಉಪಾಯ ಯಂಗ್ ಅವರದು, ಗಮನಿಸಿದ ಕಣ್ಣು ಹೈಲೆಂಡ್ ಅವರದು, ಯಂತ್ರ ಕಟ್ಟಿದ ಕೈ ಪೇಜ್ ಅವರದು. ಯಾರ ಮಾತಿಗೆ ಕಿವಿಗೊಡಬೇಕು, ಯಾರ ಕೈಗೆ ಕೆಲಸ ಕೊಡಬೇಕು, ಹಣವಿಲ್ಲದ ದಿನಗಳಲ್ಲಿ ದೀಪ ಆರದಂತೆ ಹೇಗೆ ಕಾಯಬೇಕು ಎಂಬುದನ್ನು ಬಲ್ಲ ಯಜಮಾನರು ಟೇಲರ್. ಕೂಡುಕುಟುಂಬದ ಹಿರಿಯರಂತೆ ಅವರು ಆ ವಿಭಾಗವನ್ನು ನಡೆಸಿದರು. ಹೈಲೆಂಡ್ ಮುಂದೆ ಹ್ಯೂಸ್ ವಿಮಾನ ಸಂಸ್ಥೆಯ ಮುಖ್ಯಸ್ಥರಾದುದೂ, ಪೇಜ್ ಅದೇ ಸಂಶೋಧನಾಲಯದ ಸಂಶೋಧನಾ ನಿರ್ದೇಶಕರಾದುದೂ ಆ ಯಜಮಾನಿಕೆಗೆ ಸಾಕ್ಷಿ.

ದಿಗಂತದ ಅಡಿಯಲ್ಲಿ

ಟೇಲರ್ ಕೊಟ್ಟ ಕಣ್ಣಿಗೂ ಒಂದು ಮಿತಿಯಿದೆ. ಭೂಮಿ ಗುಂಡಗಿದೆ, ರೇಡಾರ್ ಅಲೆ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ. 30 ಮೀಟರ್ ಎತ್ತರದ ಆಂಟೆನಾಕ್ಕೆ 3,000 ಮೀಟರ್ ಎತ್ತರದಲ್ಲಿ ಬರುವ ವಿಮಾನ ಸುಮಾರು 250 ಕಿಲೋಮೀಟರ್ ದೂರದಿಂದ ಕಾಣಬಹುದು. ಅದೇ ವಿಮಾನ ಅಲೆಗಳಿಗೆ ತಾಗುವಂತೆ 30 ಮೀಟರ್ ಎತ್ತರದಲ್ಲಿ ಬಂದರೆ 45 ಕಿಲೋಮೀಟರ್ ಸಮೀಪಿಸುವವರೆಗೆ ದಿಗಂತದ ಮರೆಯಲ್ಲಿಯೇ ಇರುತ್ತದೆ. ರೇಡಾರ್ ಎಷ್ಟೇ ಬಲಶಾಲಿಯಾದರೂ ಈ ಲೆಕ್ಕ ಬದಲಾಗದು.

1982ರ ಮೇ 4ರಂದು ಫಾಕ್ಲೆಂಡ್ ಯುದ್ಧದಲ್ಲಿ ಅರ್ಜೆಂಟೀನಾದ ವಿಮಾನಗಳು ಹೀಗೆಯೇ ತಗ್ಗಿ ಬಂದು ಎಕ್ಸೊಸೆಟ್ ಕ್ಷಿಪಣಿಗಳನ್ನು ಹಾರಿಸಿದವು. ಜತೆಯ ಹಡಗೊಂದು ವಿಮಾನಗಳನ್ನು ಗುರುತಿಸಿ ಎಚ್ಚರಿಕೆ ಕೊಟ್ಟಿತ್ತು. ಪೆಟ್ಟು ತಿಂದ ಹಡಗಿನವರು ಸಕಾಲದಲ್ಲಿ ಸಜ್ಜಾಗಲಿಲ್ಲ. 20 ನಾವಿಕರು ಪ್ರಾಣ ಕಳೆದುಕೊಂಡರು. ಆ ಹಡಗಿನ ಹೆಸರು ಶೆಫೀಲ್ಡ್. 1938ರಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ಮೊದಲಿಗೆ ರೇಡಾರ್ ಧರಿಸಿದ ಹಡಗಿನ ಹೆಸರನ್ನೇ ಹೊತ್ತಿದ್ದ ಹೊಸ ನೌಕೆ. ಎತ್ತರದಿಂದ ಕೆಳಗೆ ನೋಡುವ ಹಾರುವ ರೇಡಾರ್ ಆ ನೌಕಾದಳದ ಜತೆಗಿರಲಿಲ್ಲ. ನಮ್ಮ ನೌಕಾಪಡೆ ಈ ಕೊರತೆಯನ್ನು ಮನಗಂಡು 2003ರಲ್ಲಿ ಕಾಮೋವ್-31 ಎಂಬ ರೇಡಾರ್ ಹೆಲಿಕಾಪ್ಟರುಗಳನ್ನು ಸೇವೆಗೆ ಸೇರಿಸಿಕೊಂಡಿತು.

ನಾವು ಕನ್ನಡಿಗರು ಈ ಕಥೆಯನ್ನು ದೂರದ ದೇಶದ್ದೆಂದು ಬದಿಗಿಡಬೇಕಾಗಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ನಮ್ಮ ಯುದ್ಧನೌಕೆಗಳಿಗೆ ದೂರಗಾಮಿ ರೇಡಾರುಗಳನ್ನು ತಯಾರಿಸುತ್ತ ಬಂದಿದೆ. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣವಾಗಿ 1999ರಲ್ಲಿ ಸೇವೆಗೆ ಸೇರಿದ ವಿನಾಶಕ ನೌಕೆಗೆ ಮೈಸೂರು ಎಂದೇ ಹೆಸರು. ಮೈಸೂರು ಅರಸರ ಲಾಂಛನವಾದ ಗಂಡಭೇರುಂಡಕ್ಕೆ ಎರಡು ತಲೆ. ಅದು ಎರಡೂ ದಿಕ್ಕಿಗೆ ದೃಷ್ಟಿಯಿಟ್ಟ ಪಕ್ಷಿ. ಆ ಹೆಸರಿನ ಹಡಗು ಕಡಲಿನಲ್ಲಿ ಎಚ್ಚರವಾಗಿರುವುದು ಎಷ್ಟು ಸಹಜ! 2005ರಲ್ಲಿ ಕಾರವಾರದ ಕದಂಬ ನೌಕಾನೆಲೆಯೂ ಈ ಕಾವಲಿಗೆ ಸೇರಿಕೊಂಡಿತು. ನೌಕಾಪಡೆಯಲ್ಲಿ, ಮಜಗಾಂವ್ ಡಾಕ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮ ನಡುವೆಯೂ ಇದ್ದಾರೆ.

ಮುಂದಿನ ಬಾರಿ ಮಕ್ಕಳೊಡನೆ ಗೇಟ್‌ವೇ ಬಳಿ ನಿಂತಾಗ ಹಡಗಿನ ಕಂಬದ ತುದಿಯನ್ನು ಅವರಿಗೆ ತೋರಿಸೋಣ. ನದಿಯಲ್ಲಿ ಹಾದುಹೋದ ಮರದ ಹಡಗಿನಿಂದಾದ ಅಡಚಣೆಯನ್ನು ಅಡಚಣೆಯೆಂದು ತಳ್ಳಿಹಾಕದೆ, ಅದೇನೆಂದು ಕೇಳಿಕೊಂಡ ಒಬ್ಬ ಮೇಷ್ಟರ ಕಥೆಯನ್ನೂ ಹೇಳೋಣ. ಓಪಾನಾದಲ್ಲಿಯೂ ಶೆಫೀಲ್ಡ್ ಹಡಗಿನಲ್ಲಿಯೂ ಯಂತ್ರಕ್ಕೆ ಕಣ್ಣಿತ್ತು. ಕಂಡುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮನಸ್ಸು ಆ ಗಳಿಗೆಯಲ್ಲಿ ಎಚ್ಚರವಿರಲಿಲ್ಲ. ಟೇಲರ್ ಅವರಲ್ಲಿ ಯಂತ್ರ ಹುಟ್ಟುವ ಮೊದಲೇ ಆ ಎಚ್ಚರವಿತ್ತು.